ಹಣೆಗೆ ಅಡ್ಡ ಹಿಡಿದ ಕೈ

ಮಂಗಳವಾರ ನನ್ನ ಸೀಟಿನ ಪಕ್ಕದ ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ಚೋಕ್ ಬದಲಾಯಿಸಲು ಬಂದ ಎಲೆಕ್ಟ್ರಿಷಿಯನ್ ಏಣಿಯಿಂದ ಇಳಿದು, ನಾನು ಕಣ್ಣುಜ್ಜಿಕೊಳ್ಳುವುದನ್ನು ನೋಡಿದರು. "ಒಂದ್ಸಲ ಹಣೆಗೆ ಕೈ ಅಡ್ಡ ಹಿಡಿದು ಸ್ಕ್ರೀನ್ ನೋಡಿ ಮೇಡಂ" ಎಂದರು.

ಬಿಸಿಲಲ್ಲಿ ದೂರ ಬರುವವರನ್ನು ನೋಡುವಾಗ ಹಿಡಿಯುತ್ತೇವಲ್ಲ, ಹಾಗೆ ಹಿಡಿದೆ. ಹುಬ್ಬಿನ ಹತ್ತಿರದ ಬಿಗಿತ ಸಡಿಲವಾಯಿತು. ಕೈ ತೆಗೆದೆ, ಮತ್ತೆ ಬಿಗಿಯಿತು. ನಂಬಿಕೆ ಬರದೆ ನಾಲ್ಕೈದು ಸಲ ಮಾಡಿದೆ. "ತೊಂದರೆ ಮೇಲಿದೆ ಮೇಡಂ" ಎಂದರು ಅವರು.

ಆಮೇಲೆ ಮಾನಿಟರ್ ಆಫ್ ಮಾಡಿಸಿದರು. ಕಪ್ಪು ಪರದೆಯಲ್ಲಿ ನನ್ನ ಬೆನ್ನ ಹಿಂದಿನ ಎರಡು ಟ್ಯೂಬ್‌ಲೈಟ್, ಇಡೀ ಕಿಟಕಿ, ಕನ್ನಡಿಯಲ್ಲಿ ಕಂಡಷ್ಟೇ ಸ್ಪಷ್ಟ. ಎರಡು ವರ್ಷದಿಂದ ನಾನು ಆ ಬೆಳಕಿನ ಪಟ್ಟಿಗಳ ನಡುವೆ ಅಕ್ಷರ ಹುಡುಕಿ ಓದುತ್ತಿದ್ದೆ!

ಆ ಎರಡು ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿತು. ಡ್ರಾಪ್ಸ್ ಆಯಿತು. ನೀಲಿ ಬೆಳಕು ತಡೆಯುವ ಗ್ಲಾಸೂ ಆಯಿತು. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ಅನುಮಾನ ಎಂದು ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ನೋಡಿ ಹೇಳಿದೆ, ನನಗೆ ಗೊತ್ತಾಗಿದ್ದು ಈ ವಾರ. ಡಾಕ್ಟರ್ ಹೇಳಿದ್ದು ತಪ್ಪಲ್ಲ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ, ಅದಕ್ಕೇ ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡ್ ನೋಡಿ ಎಂದರು. ಆದರೆ "ನಿಮ್ಮ ತಲೆ ಮೇಲೆ ಲೈಟ್ ಎಲ್ಲಿದೆ?" ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ.

ಎಲೆಕ್ಟ್ರಿಷಿಯನ್ ಹೇಳಿದ ಇನ್ನೊಂದು ಮಾತು ತಲೆಯಲ್ಲೇ ಉಳಿದಿದೆ. ಈ ಲೈಟೆಲ್ಲ ಮೇಜಿನ ಮೇಲೆ ಫೈಲ್ ಇಟ್ಟುಕೊಂಡು ಬರೆಯುತ್ತಿದ್ದ ಕಾಲದ್ದಂತೆ. ಮಲಗಿರುವ ಕಾಗದಕ್ಕೆ ಮೇಲಿನಿಂದ ಬೆಳಕು ಬೇಕು. ಈಗ ನಾವು ಓದುವುದು ನೆಟ್ಟಗೆ ನಿಂತು ತಾನೇ ಬೆಳಗುವ ಪರದೆಯನ್ನು. ಕಂಪ್ಯೂಟರ್ ಕೆಲಸಕ್ಕೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಮೇಜಿನ ಮೇಲೆ ಬೀಳುವ ಬೆಳಕಿನ ಅಳತೆ) ಸಾಕು. ಅವರ ಬೆಳಕು ಅಳೆಯುವ ಮೀಟರ್ ನನ್ನ ಮೇಜಿನ ಮೇಲೆ 900 ದಾಟಿತ್ತು.

ಮ್ಯಾನೇಜರ್ ಹತ್ತಿರ ಹೋದೆ. "ಎಲ್ಲರೂ ಇದೇ ಲೈಟಲ್ಲಿ ಕೆಲಸ ಮಾಡ್ತಿಲ್ವಾ?" ಎಂದರು. ಕೆಟ್ಟವರಲ್ಲ, ರಜೆ ಕೇಳಿದರೆ ಎರಡು ಮಾತಾಡದೆ ಕೊಡುತ್ತಾರೆ. ಆದರೂ ಆ ಮಾತು ಚುಚ್ಚಿತು. ಎಲ್ಲರೂ ಮಾಡುತ್ತಿದ್ದಾರೆ ಅಂದರೆ ಯಾರಿಗೂ ನೋಯುತ್ತಿಲ್ಲ ಅಂತಲಾ? ಸಂಜೆ ನಾಲ್ಕಕ್ಕೆ ನಮ್ಮ ಸಾಲನ್ನು ಒಮ್ಮೆ ನೋಡಬೇಕು. ಒಬ್ಬರು ಹಣೆ ಒತ್ತಿಕೊಳ್ಳುತ್ತಿರುತ್ತಾರೆ, ಇನ್ನೊಬ್ಬರು ಕತ್ತು ಚಾಚಿ ಪರದೆಗೆ ಮುಖ ತಗುಲಿಸಿಕೊಂಡಿರುತ್ತಾರೆ. ಸಹಿಸಿಕೊಳ್ಳುವುದೇ ನಮಗೆ ಕೆಲಸದ ಒಂದು ಭಾಗವಾಗಿಬಿಟ್ಟಿದೆ. ಹೇಳಿಕೊಂಡವರು ನಾಜೂಕಿನವರು ಅನ್ನಿಸಿಕೊಳ್ಳುತ್ತಾರೆ.

ಕೊನೆಗೆ ನನ್ನ ತಲೆ ಮೇಲಿನ ಒಂದು ಟ್ಯೂಬ್ ತೆಗೆಸಲು ಒಪ್ಪಿದರು. ಮೇಜು ತಿರುಗಿಸಿ ಕಿಟಕಿ ಪಕ್ಕಕ್ಕೆ ಬರುವಂತೆ ಮಾಡಿಕೊಂಡೆ. ಮಾನಿಟರ್ ಒಂದು ತೋಳಿನಷ್ಟು ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಪರದೆಯ ಬಿಳಿ, ಪಕ್ಕದಲ್ಲಿಟ್ಟ ಕಾಗದದ ಬಿಳಿಗೆ ಹೊಂದುವಷ್ಟು ಬ್ರೈಟ್‌ನೆಸ್ ಇಳಿಸಿದೆ. ಗುರುವಾರ ಸಂಜೆ ತಲೆನೋವಿಲ್ಲದೆ ಮನೆಗೆ ಹೋದೆ.

ಶುಕ್ರವಾರ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಸಿದುಕೊಂಡು ನಮ್ಮ ಸಾಲಿನ ಹನ್ನೊಂದು ಸೀಟನ್ನೂ ಅಳೆದು, ಬರೆದು ಮ್ಯಾನೇಜರ್‌ಗೆ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.