ಆರು ಕಿಲೋ ತೂಗಲಿರುವ ಮೊಲಕ್ಕಾಗಿ ಮನೆಯ ಸಿದ್ಧತೆ

ದೀಪಾವಳಿ ಕಳೆದ ಮೇಲೆ ಮೈಸೂರಿನ ನಮ್ಮ ಮನೆಗೆ ದೊಡ್ಡ ತಳಿಯ ಮೊಲವೊಂದು ಬರಲಿದೆ. ಹಾಸನ ಜಿಲ್ಲೆಯಲ್ಲಿ ಮಾಂಸಕ್ಕಾಗಿ ಮೊಲ ಸಾಕುತ್ತಿದ್ದ ರೈತರೊಬ್ಬರು ಆ ಕಸುಬನ್ನು ನಿಲ್ಲಿಸುತ್ತಿದ್ದು, ತಮ್ಮಲ್ಲಿ ಉಳಿದಿರುವ ಮೊಲಗಳ ಪೈಕಿ ಫ್ಲೆಮಿಶ್ ಜೈಂಟ್ ರಕ್ತವಿರುವ, ಬೂದು ಬಣ್ಣದ, ಇನ್ನೂ ಬೆಳೆಯುತ್ತಿರುವ ಹೆಣ್ಣು ಮೊಲವೊಂದನ್ನು ನಮಗೆ ಸಾಕಲು ಕೊಡಲು ಒಪ್ಪಿದ್ದಾರೆ. ಅದರ ತಾಯಿ ಆರು ಕಿಲೋ ತೂಗುತ್ತದೆ. ಈ ಒಂದು ಸಂಗತಿ ತಿಳಿದ ಮೇಲೆ ನಮ್ಮ ಸಿದ್ಧತೆಯ ದಾರಿಯೇ ಬೇರೆಯಾಯಿತು. ಚಿಕ್ಕ ಮೊಲಕ್ಕೆ ಹೇಳಿದ ಸೂಚನೆಗಳನ್ನು ಅಳತೆಯಲ್ಲಿ ಹಿಗ್ಗಿಸಿಕೊಂಡರೆ ದೊಡ್ಡ ಮೊಲಕ್ಕೆ ಹೊಂದುವುದಿಲ್ಲ. ನೆಲ, ಸೆಕೆ, ಎತ್ತಿಕೊಳ್ಳುವ ಬಗೆ, ಔಷಧ ಎಲ್ಲವೂ ಅದರ ತೂಕವನ್ನು ಅನುಸರಿಸಿಯೇ ನಿರ್ಧಾರವಾಗಬೇಕು.

ಫ್ಲೆಮಿಶ್ ಜೈಂಟ್ ಬೆಲ್ಜಿಯಂ ದೇಶದ ಗೆಂಟ್ ಪಟ್ಟಣದ ಸುತ್ತಮುತ್ತ ರೂಪುಗೊಂಡ ತಳಿ. ಅಮೆರಿಕದ ಪ್ರದರ್ಶನ ನಿಯಮಗಳಂತೆ ಬೆಳೆದ ಗಂಡು ಕನಿಷ್ಠ 5.9 ಕಿಲೋ, ಹೆಣ್ಣು ಕನಿಷ್ಠ 6.35 ಕಿಲೋ ತೂಗಬೇಕು. ಗರಿಷ್ಠ ಮಿತಿಯೇ ಇಲ್ಲ. ಪೂರ್ಣ ಬೆಳವಣಿಗೆಗೆ ಒಂದರಿಂದ ಒಂದೂವರೆ ವರ್ಷ ಹಿಡಿಯುವುದರಿಂದ ಆರು ತಿಂಗಳ ಮರಿಯನ್ನು ನೋಡಿ ಇದರ ಗಾತ್ರ ಇಷ್ಟೇ ಎಂದು ತೀರ್ಮಾನಿಸುವಂತಿಲ್ಲ. ನಮ್ಮಲ್ಲಿ ಸಾಕುವ ವೈಟ್ ಜೈಂಟ್, ಗ್ರೇ ಜೈಂಟ್, ಸೋವಿಯತ್ ಚಿಂಚಿಲ್ಲಾಗಳೂ ದೊಡ್ಡ ತಳಿಗಳೇ, ಆದರೆ ಫಾರ್ಮುಗಳಲ್ಲಿ ಇವು ಒಂದರೊಡನೊಂದು ಬೆರೆತಿರುವುದು ಸಾಮಾನ್ಯ. ಆದ್ದರಿಂದ ತಳಿಯ ಹೆಸರನ್ನು ನಂಬುವುದಕ್ಕಿಂತ ತಂದೆ ತಾಯಿಗಳನ್ನು ಕಣ್ಣಾರೆ ಕಂಡು, ತಕ್ಕಡಿಗೆ ಹಾಕಿಸಿ ನೋಡುವುದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ಮರಿಯ ವಯಸ್ಸನ್ನೂ ಕೇಳಲೇಬೇಕು. ತಾಯಿಯ ಹಾಲು ಬಿಡುವ ಮೊದಲೇ, ಅಂದರೆ ನಾಲ್ಕೈದು ವಾರದಲ್ಲೇ, ಮರಿಗಳನ್ನು ಪೇಟೆಯಲ್ಲಿ ಮಾರುವುದನ್ನು ನೋಡಿದ್ದೇನೆ. ಅಷ್ಟು ಎಳೆಯ ಮರಿಯ ಕರುಳು ಹೊಸ ಆಹಾರವನ್ನು ತಾಳಿಕೊಳ್ಳಲಾರದೆ ಭೇದಿಗೆ ತುತ್ತಾಗುತ್ತದೆ. ಎಂಟು ವಾರ ತುಂಬದ ಮರಿಯನ್ನು ಯಾರೂ ತರಬಾರದು, ಯಾರೂ ಕೊಡಬಾರದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹೊಲಗದ್ದೆಗಳ ಅಂಚಿನಲ್ಲಿ ಕಾಣುವ ಕಾಡುಮೊಲ ಬೇರೆ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಮನೆಯಲ್ಲಿ ಸಾಕುವ ಮೊಲದ ಮೂಲ ಸ್ಪೇನ್ ಮತ್ತು ಪೋರ್ಚುಗಲ್ ಕಡೆಯ ಬಿಲಮೊಲ. ಯಾರಾದರೂ ಹೊಲದಲ್ಲಿ ಸಿಕ್ಕಿದ ಮರಿ ಎಂದು ತಂದುಕೊಟ್ಟರೆ ಅದನ್ನು ಸಾಕಲು ಇಟ್ಟುಕೊಳ್ಳದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಸಿದ್ಧತೆಯಲ್ಲಿ ನಾವು ಹೆಚ್ಚು ಯೋಚಿಸಿದ್ದು ನೆಲದ ಬಗ್ಗೆ. ಮೊಲದ ಪಾದಕ್ಕೆ ನಾಯಿ ಬೆಕ್ಕುಗಳಿಗಿರುವಂಥ ಮೆತ್ತನೆಯ ಅಂಗಾಲು ಇಲ್ಲ, ರೋಮದ ಪದರವಷ್ಟೇ ಅದಕ್ಕೆ ರಕ್ಷಣೆ. ಒಂದೂವರೆ ಕಿಲೋ ಮೊಲ ಗಟ್ಟಿ ನೆಲದ ಮೇಲೆ ಹೇಗೋ ನಿಭಾಯಿಸಬಹುದು, ಆದರೆ ಆರು ಕಿಲೋ ಭಾರವೆಲ್ಲ ಹಿಂಗಾಲಿನ ಹಿಮ್ಮಡಿಯ ಮೇಲೆ ದಿನವಿಡೀ ಬಿದ್ದರೆ ರೋಮ ಸವೆದು, ಚರ್ಮ ಕೆಂಪಾಗಿ, ಕೊನೆಗೆ ವ್ರಣವಾಗುತ್ತದೆ. ಕೀವು ಮೂಳೆಯವರೆಗೆ ಇಳಿದರೆ ಗುಣಪಡಿಸುವುದು ಬಹಳ ಕಷ್ಟ. ತಂತಿಬಲೆಯ ತಳವಿರುವ ಗೂಡುಗಳಲ್ಲಿ ಈ ವ್ರಣ ಹೆಚ್ಚು. ಫಾರ್ಮಿನಲ್ಲಿ ಹಿಕ್ಕೆ ಕೆಳಗೆ ಬಿದ್ದು ಶುಚಿಯಾಗಿರಲಿ ಎಂದು ಅಂಥ ಗೂಡು ಮಾಡುತ್ತಾರೆ, ಮನೆಯಲ್ಲಿ ಅದರ ಅಗತ್ಯವೇ ಇಲ್ಲ. ನಮ್ಮ ನಡುಮನೆಯ ವಿಟ್ರಿಫೈಡ್ ಟೈಲ್ಸ್ ಇನ್ನೊಂದು ಬಗೆಯ ತೊಂದರೆ: ಅದರ ಮೇಲೆ ಮೊಲದ ಕಾಲು ಹಿಡಿತ ಸಿಗದೆ ಜಾರುತ್ತದೆ, ಭಾರವಾದ ಮೊಲ ಜಾರಿದರೆ ಸೊಂಟ ಉಳುಕುತ್ತದೆ, ಹೆದರಿದ ಮೊಲ ಮೂಲೆ ಬಿಟ್ಟು ಕದಲುವುದೇ ಇಲ್ಲ.

ಆದ್ದರಿಂದ ಹಿಂಬದಿಯ ಗಾರೆ ನೆಲದ ಕೋಣೆಯನ್ನು ಅದಕ್ಕೆ ಬಿಟ್ಟುಕೊಡಲು ನಿರ್ಧರಿಸಿದೆವು. ಬೇಸಿಗೆಯಲ್ಲಿ ಗಾರೆ ನೆಲ ತಂಪಾಗಿರುತ್ತದೆ ಎಂಬುದೊಂದು ಅನುಕೂಲ. ಅದರ ಮುಕ್ಕಾಲು ಭಾಗಕ್ಕೆ ದಪ್ಪ ನೇಯ್ಗೆಯ ಹತ್ತಿಯ ಜಮಖಾನಗಳನ್ನು ಎರಡು ಪದರವಾಗಿ ಹಾಸಿ, ಅಂಚುಗಳನ್ನು ಮರದ ಪಟ್ಟಿಗಳ ಅಡಿಗೆ ಸಿಕ್ಕಿಸಿದ್ದೇವೆ. ಸಡಿಲವಾದ ಅಂಚು ಹಲ್ಲಿಗೆ ಸಿಕ್ಕಿದರೆ ಮೊಲ ದಾರಗಳನ್ನು ಎಳೆದೆಳೆದು ನುಂಗುವ ಅಪಾಯವಿದೆ. ಫೋಮ್ ಮ್ಯಾಟ್‌ಗಳನ್ನು ಇದೇ ಕಾರಣಕ್ಕೆ ದೂರವಿಟ್ಟೆವು. ಉಳಿದ ಕಾಲು ಭಾಗವನ್ನು ಬರಿದಾಗಿ ಬಿಟ್ಟಿರುವುದು, ಸೆಕೆಯಾದಾಗ ಅದು ಹೊಟ್ಟೆಯನ್ನು ನೆಲಕ್ಕೆ ಚಾಚಿ ಮಲಗಲಿ ಎಂದು.

ಜಾಗದ ವಿಷಯದಲ್ಲಿ ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯಾದ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಹೇಳುವ ಅಳತೆ, ಸಾಧಾರಣ ಗಾತ್ರದ ಎರಡು ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ದೊಡ್ಡ ಮೊಲ ಒಂದೇ ಇದ್ದರೂ ಇದನ್ನು ಕನಿಷ್ಠವೆಂದೇ ತಿಳಿಯಬೇಕು. ಅಂಗಡಿಯಲ್ಲಿ ಮೊಲದ ಪಂಜರ ಎಂದು ತೋರಿಸಿದ ವಸ್ತುವಿನೊಳಗೆ ನಮ್ಮ ಮೊಲ ಬೆಳೆದ ಮೇಲೆ ಮೈ ಚಾಚಿ ಮಲಗಲೂ ಆಗದು. ಕೋಣೆಯ ಬಾಗಿಲಿಗೆ ಮಕ್ಕಳಿಗೆ ಅಡ್ಡಲಾಗಿ ಇಡುವ ಗೇಟನ್ನು ಹಾಕಿಸಿದ್ದೇವೆ, ಅಷ್ಟು ಸಾಕು. ಅಡಗಲು ಎರಡು ಕಡೆ ದಾರಿಯಿರುವ ಮರದ ಪೆಟ್ಟಿಗೆಯೊಂದನ್ನು ಬಡಗಿಯವರಿಂದ ಮಾಡಿಸಿದೆವು. ಉಚ್ಚೆಯ ತಟ್ಟೆಯಾಗಿ ಬೆಕ್ಕಿನ ಟ್ರೇ ಸಾಲದು. ಮೊಲ ಪೂರ್ತಿ ಒಳಗೆ ಕುಳಿತು ತಿರುಗಬಲ್ಲಷ್ಟು ಅಗಲವಾದ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ, ತಳಕ್ಕೆ ಹಳೆಯ ಪತ್ರಿಕೆ, ಮೇಲೆ ಒಣಹುಲ್ಲು ಹಾಕುವುದು ಸರಿ. ನೀರು ತಾಗಿದರೆ ಗಟ್ಟಿಯಾಗುವ ಬೆಕ್ಕಿನ ಮರಳನ್ನು ಬಳಸಲೇಬಾರದು, ಮೊಲ ಅದನ್ನು ತಿಂದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ.

ಸೆಕೆಯ ವಿಚಾರ ನನಗೆ ಅತ್ಯಂತ ಆತಂಕದ್ದು. ಮೊಲ ಬೆವರುವುದಿಲ್ಲ, ನಾಯಿಯಂತೆ ಏದುಸಿರಿನಿಂದ ಮೈ ತಣಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಕಿವಿಗಳ ರಕ್ತನಾಳಗಳ ಮೂಲಕವೇ ಶಾಖ ಹೊರಹೋಗಬೇಕು. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಕಡಿಮೆಯಾಗುವುದರಿಂದ ದೊಡ್ಡ ಮೊಲ ಚಿಕ್ಕದಕ್ಕಿಂತ ನಿಧಾನವಾಗಿ ತಣಿಯುತ್ತದೆ. ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ತಳಿಗಳನ್ನು ಸಾಕುತ್ತಿರುವುದು ಕೊಡೈಕೆನಾಲ್ ಬಳಿಯ ಮನ್ನವನೂರಿನ ತಂಪು ಬೆಟ್ಟಗಳಲ್ಲಿ ಎಂಬುದನ್ನು ಗಮನಿಸಿದರೆ ಬಯಲುಸೀಮೆಯಲ್ಲಿ ಇವನ್ನು ಸಾಕುವವರ ಹೊಣೆ ಎಷ್ಟೆಂದು ತಿಳಿಯುತ್ತದೆ. ಮೊಲಕ್ಕೆ 15ರಿಂದ 20 ಡಿಗ್ರಿಯ ಆಸುಪಾಸು ಹಿತ, 30 ದಾಟಿದರೆ ಅಪಾಯ. ನಮ್ಮ ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟುವುದು ಹೊಸತೇನಲ್ಲ; ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು.

ಹಿಂಬದಿಯ ಕೋಣೆ ಪೂರ್ವಕ್ಕಿದ್ದು ಮಧ್ಯಾಹ್ನದ ಬಿಸಿಲು ಬೀಳುವುದಿಲ್ಲ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿದ್ದೇವೆ. ನಮ್ಮ ಬೇಸಿಗೆಯ ಮಧ್ಯಾಹ್ನದ ಗಾಳಿ ಒಣಗಿರುವುದರಿಂದ ನೀರು ಚಿಮುಕಿಸಿದ ತಟ್ಟಿ ಕೋಣೆಯನ್ನು ಚೆನ್ನಾಗಿ ತಣಿಸುತ್ತದೆ. ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಗಟ್ಟಿಮಾಡಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಮೊಲ ಅದಕ್ಕೆ ಒರಗಿ ಮಲಗುತ್ತದೆ ಎಂದು ರೈತರು ಹೇಳಿದರು. ಬಾಯಿ ತೆರೆದು ಉಸಿರಾಡುವುದು, ಜೊಲ್ಲು ಸುರಿಸುವುದು, ಕಿವಿ ಕೆಂಪಾಗಿ ಸುಡುವುದು ಕಂಡರೆ ಕಿವಿಗಳಿಗೆ ತಣ್ಣೀರು ಸವರಿ ತಕ್ಷಣ ವೈದ್ಯರ ಬಳಿಗೆ ಒಯ್ಯಬೇಕೇ ಹೊರತು ಐಸ್ ನೀರಿನಲ್ಲಿ ಮುಳುಗಿಸಬಾರದು. ಆ ಆಘಾತವನ್ನು ಅದು ತಾಳಲಾರದು.

ಆಹಾರದ ಬಗ್ಗೆ ನಮ್ಮಲ್ಲಿ ಬೇರೂರಿರುವ ಕ್ಯಾರೆಟ್ಟಿನ ಕಲ್ಪನೆಯನ್ನು ಮೊದಲು ಬಿಡಬೇಕು. ಮೊಲದ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಅವನ್ನು ಸವೆಸುವುದು ಹುಲ್ಲು. ಅದರ ಕರುಳು ನಿಲ್ಲದೆ ಚಲಿಸುತ್ತಿರಬೇಕು, ಅದನ್ನು ಚಲಿಸುವಂತೆ ಮಾಡುವುದೂ ಹುಲ್ಲಿನ ನಾರು. ತಿನ್ನುವ ಒಟ್ಟು ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ಒಣಹುಲ್ಲು ಇರಬೇಕು. ಬೆಳೆಯುವ ಮರಿಗೆ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪನ್ನು ಕೊಡಬಹುದು, ಬೆಳೆದ ಮೊಲಕ್ಕೆ ಅದರ ಸುಣ್ಣದಂಶ ಹೆಚ್ಚಾಗಿ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ. ಹೊರದೇಶದ ಟಿಮೊಥಿ ಹುಲ್ಲು ಸಿಗುತ್ತದೆಯಾದರೂ ದೊಡ್ಡ ಮೊಲಕ್ಕೆ ವರ್ಷವಿಡೀ ಅದನ್ನೇ ಕೊಳ್ಳುವುದು ದುಬಾರಿ. ಹಸು ಸಾಕುವವರು ಬೆಳೆಯುವ ರೋಡ್ಸ್ ಹುಲ್ಲನ್ನು ಒಣಗಿಸಿದ್ದು ಮತ್ತು ಗರಿಕೆ ಇವೆರಡನ್ನೂ ಗೊತ್ತುಮಾಡಿಕೊಂಡಿದ್ದೇವೆ. ಬತ್ತದ ಹುಲ್ಲು ಹಾಸಲು ಆದೀತು, ಮುಖ್ಯ ಆಹಾರಕ್ಕೆ ಸತ್ವ ಸಾಲದು. ಗಣಪತಿಗೆಂದು ಗರಿಕೆ ಬಿಡಿಸುವ ನಮ್ಮತ್ತೆಯವರು ಹಿತ್ತಿಲಿನ ಒಂದು ಮಡಿಯನ್ನು ಔಷಧ ಸಿಂಪಡಿಸದೆ ಇದಕ್ಕೆಂದೇ ಬಿಟ್ಟುಕೊಟ್ಟರು. ರಸ್ತೆಬದಿಯ ಗರಿಕೆಯನ್ನು ನಾನು ತರುವುದಿಲ್ಲ, ನಾಯಿಗಳ ಮೂತ್ರ, ವಾಹನಗಳ ಹೊಗೆ ಎರಡೂ ಅದರ ಮೇಲಿರುತ್ತವೆ. ಸೊಪ್ಪುಗಳಲ್ಲಿ ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ಒಳ್ಳೆಯವು, ಪಾಲಕ್ ಮತ್ತು ದಂಟನ್ನು ಅಪರೂಪಕ್ಕೆ ಕೊಡಬೇಕು, ಹಣ್ಣು ಒಂದು ಹೋಳಿಗಿಂತ ಹೆಚ್ಚು ಬೇಡ. ನೀರಿಗೆ ನಳಿಕೆಯ ಬಾಟಲಿಗಿಂತ ಭಾರವಾದ ಕಲ್ಲಿನ ಬಟ್ಟಲು ಉತ್ತಮ, ದೊಡ್ಡ ಮೊಲ ದಿನಕ್ಕೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ.

ಹಿತ್ತಿಲಿನ ಕಣಗಿಲೆಯ ಗಿಡ ನಮ್ಮತ್ತೆಯವರಿಗೆ ದೇವರ ಹೂವಿನ ಗಿಡ, ಮೊಲಕ್ಕೆ ಅದರ ಒಂದೆಲೆಯೂ ವಿಷ. ಗಿಡ ಕಡಿಸುವ ಮಾತು ಬರಲಿಲ್ಲ. ಸುತ್ತ ಮೆಶ್ ಬೇಲಿ ಹಾಕಿದೆವು. ಎಕ್ಕ, ದತ್ತೂರಿ, ಲಂಟಾನ, ಕುಂಡದಲ್ಲಿ ಬೆಳೆಸುವ ಡೈಫೆನ್‌ಬಾಕಿಯಾ ಇವೆಲ್ಲ ಅಪಾಯವೇ. ಕೋಣೆಯ ವೈರುಗಳನ್ನು ಪಿವಿಸಿ ಪೈಪಿನೊಳಗೆ ಸೇರಿಸಿದ್ದಾಯಿತು.

ಮೊಲವನ್ನು ತರುವ ಮುನ್ನವೇ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಉಳಿದ ಯಾವ ಸಿದ್ಧತೆಗಿಂತಲೂ ಮುಖ್ಯ ಎಂದು ನಾನು ನಂಬುತ್ತೇನೆ. ನಾಯಿ, ಬೆಕ್ಕು, ದನಗಳನ್ನು ಚೆನ್ನಾಗಿ ಬಲ್ಲ ವೈದ್ಯರೆಲ್ಲರಿಗೂ ಮೊಲದ ಅನುಭವ ಇರುವುದಿಲ್ಲ. ನಾನು ಕೇಳಿದ ಪ್ರಶ್ನೆಗಳು ಇವು: ಶಸ್ತ್ರಚಿಕಿತ್ಸೆಗೆ ಮುನ್ನ ಮೊಲವನ್ನು ಉಪವಾಸ ಇಡುತ್ತೀರಾ, ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಡುತ್ತೀರಾ, ಉಣ್ಣಿ ಇದ್ದರೆ ಫಿಪ್ರೊನಿಲ್ ಹಚ್ಚುತ್ತೀರಾ. ಮೂರಕ್ಕೂ ಇಲ್ಲ ಎಂಬ ಉತ್ತರ ಬರಬೇಕು. ಮೊಲ ವಾಂತಿ ಮಾಡಲಾರದು, ಹಾಗಾಗಿ ಉಪವಾಸದ ಅಗತ್ಯವಿಲ್ಲ; ಬರಿ ಹೊಟ್ಟೆಯಲ್ಲಿ ಅದರ ಕರುಳು ಸ್ತಬ್ಧವಾಗುತ್ತದೆ. ಬಾಯಿಂದ ಕೊಟ್ಟ ಅಮಾಕ್ಸಿಸಿಲಿನ್ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಾಂತಿಕ ಭೇದಿ ತರುತ್ತದೆ. ನಾಯಿಗೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ವಿಷ. ಮೂರಕ್ಕೂ ಸರಿಯಾಗಿ ಉತ್ತರಿಸಿ, ಕಾರಣವನ್ನೂ ಬಿಡಿಸಿ ಹೇಳಿದ ವೈದ್ಯೆಯೊಬ್ಬರು ನಗರದಲ್ಲೇ ಸಿಕ್ಕಿದ್ದು ದೊಡ್ಡ ಸಮಾಧಾನ. ಹೆಣ್ಣು ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ದೊಡ್ಡ ತಳಿಗಳು ತಡವಾಗಿ ಪ್ರಾಯಕ್ಕೆ ಬರುವುದರಿಂದ ಯಾವಾಗ ಮಾಡಿಸಬೇಕೆಂಬುದನ್ನು ಮೊಲವನ್ನು ಪರೀಕ್ಷಿಸಿದ ಮೇಲೆ ಹೇಳುವುದಾಗಿ ಅವರು ತಿಳಿಸಿದ್ದಾರೆ. ಮೊಲ ಒಂಟಿಯಾಗಿ ಬಾಳುವ ಜೀವಿಯಲ್ಲ, ಆದ್ದರಿಂದ ಶಸ್ತ್ರಚಿಕಿತ್ಸೆಯ ಬಳಿಕ ಇನ್ನೊಂದನ್ನು ತರುವ ಆಲೋಚನೆಯೂ ಇದೆ. ದೊಡ್ಡ ತಳಿಗಳ ಆಯುಸ್ಸು ಐದರಿಂದ ಎಂಟು ವರ್ಷ, ಚಿಕ್ಕ ತಳಿಗಳಿಗಿಂತ ಕಡಿಮೆ. ಮಗಳಿಗೆ ಇದನ್ನು ಮುಚ್ಚಿಡದೆ ಹೇಳಿದ್ದೇವೆ.

ಮಗಳಿಗೆ ಹೇಳಿದ ಇನ್ನೊಂದು ಮಾತು, ಮೊಲವನ್ನು ಅವಳು ಎತ್ತಿಕೊಳ್ಳುವಂತಿಲ್ಲ ಎಂಬುದು. ಮೊಲದ ಹಿಂಗಾಲಿನ ಸ್ನಾಯುಗಳು ಬಲಿಷ್ಠ, ಮೂಳೆಗಳು ಮಾತ್ರ ಹಗುರ. ಹಿಂಭಾಗಕ್ಕೆ ಆಸರೆ ಕೊಡದೆ ಎತ್ತಿದಾಗ ಅದು ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುತ್ತದೆ. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ದೊಡ್ಡವರೇ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೂರ್ತಿ ಹಿಂಭಾಗದ ಅಡಿ ಇಟ್ಟು, ಮೈಗೆ ಒತ್ತಿಕೊಂಡು ಎತ್ತಬೇಕು, ಅದೂ ಅಗತ್ಯವಿದ್ದಾಗ ಮಾತ್ರ. ಮಗಳು ನೆಲದ ಮೇಲೆ ಕುಳಿತುಕೊಳ್ಳಲಿ, ಮೊಲ ತಾನಾಗಿ ಹತ್ತಿರ ಬರಲಿ.

ತರುವ ದಿನವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಂಡಿರುವುದು ಪಟಾಕಿಯ ಸದ್ದಿಗಾಗಿ. ಹೆದರಿದ ಮೊಲ ಊಟ ಬಿಡುತ್ತದೆ, ಹೊಸ ಮನೆಯ ಗಾಬರಿಯ ಮೇಲೆ ಅದೂ ಸೇರಿದರೆ ಕರುಳು ನಿಂತುಹೋಗಬಹುದು. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಬೆಳಗಿನ ತಂಪಿನಲ್ಲಿ ಹೊರಟು, ನಾಯಿಗಳನ್ನು ಸಾಗಿಸುವ ಪೆಟ್ಟಿಗೆಯಲ್ಲಿ ಜಮಖಾನದ ತುಂಡು ಹಾಸಿ, ಒಣಹುಲ್ಲು ತುಂಬಿ ಕಾರಿನಲ್ಲಿ ಕರೆತರುತ್ತೇವೆ. ಫಾರ್ಮಿನಲ್ಲಿ ಈಗ ತಿನ್ನುತ್ತಿರುವ ಪೆಲೆಟ್ (ಗುಳಿಗೆಯಾಕಾರದ ಸಿದ್ಧ ಆಹಾರ) ಮತ್ತು ಹುಲ್ಲನ್ನೇ ಎರಡು ವಾರಕ್ಕಾಗುವಷ್ಟು ಕೊಡಲು ರೈತರು ಒಪ್ಪಿದ್ದಾರೆ. ಹೊಸ ಆಹಾರವನ್ನು ದಿನಕ್ಕಿಷ್ಟಿಷ್ಟೇ ಬೆರೆಸುತ್ತ ಹೋಗಬೇಕು. ಮೊದಲ ವಾರ ನೆಂಟರಿಷ್ಟರಿಗೆ ತೋರಿಸುವುದಿಲ್ಲ. ಬೆಳಿಗ್ಗೆ ಸಂಜೆ ಹಿಕ್ಕೆಗಳ ಗಾತ್ರವನ್ನೂ ಪ್ರಮಾಣವನ್ನೂ ನೋಡುವುದು, ವಾರಕ್ಕೊಮ್ಮೆ ತೂಕ ಹಾಕಿ ಹಿಮ್ಮಡಿಗಳನ್ನು ಪರೀಕ್ಷಿಸಿ ಬರೆದಿಡುವುದು ನನ್ನ ಪಾಲಿನ ಕೆಲಸ. ಹಿಕ್ಕೆ ಸಣ್ಣದಾದರೆ ಅಥವಾ ನಿಂತರೆ, ಇಲ್ಲವೇ ಅರ್ಧ ದಿನ ಹುಲ್ಲು ಮುಟ್ಟದಿದ್ದರೆ, ನಾಳೆ ನೋಡೋಣ ಎನ್ನದೆ ಅಂದೇ ವೈದ್ಯೆಗೆ ಫೋನ್ ಮಾಡಬೇಕೆಂದು ಅವರ ಸಂಖ್ಯೆಯನ್ನು ಮನೆಯವರೆಲ್ಲರ ಫೋನಿನಲ್ಲೂ ಹಾಕಿಟ್ಟಿದ್ದೇನೆ.