ಯಾವ ಆ್ಯಪ್‌ನಲ್ಲಿ ಮಾಡಿದಿರಿ?

ನನ್ನ ಬಾಲ್ಯದ ಫೋಟೊ, ಟಿಕೆಟ್, ಅಂಗಿಯ ಗುಂಡಿ, ಗೋಲಿಗಳನ್ನೆಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಮಾಡಿದ ಕೊಲಾಜ್ ಒಂದು ನಮ್ಮ ಗೋಡೆಯ ಮೇಲಿದೆ. ಅದನ್ನು ಕಂಡವರು ಬಹುತೇಕ ಕೇಳುವುದು ಒಂದೇ ಪ್ರಶ್ನೆ: “ಇದನ್ನು ಯಾವ ಆ್ಯಪ್‌ನಲ್ಲಿ ಮಾಡಿದಿರಿ?” ಚಿತ್ರ ತಿದ್ದುವ ಉಚಿತ ತಂತ್ರಾಂಶ ಜಿಂಪ್‌ನಲ್ಲಿ ಎಂದರೆ ಉತ್ತರವೇನೋ ಮುಗಿಯುತ್ತದೆ. ಆದರೆ ಅಷ್ಟನ್ನೇ ಕೇಳಿಕೊಂಡು ಹೋದವರು ಕೆಲವು ದಿನಗಳ ನಂತರ “ನಮ್ಮದು ಹಾಗೆ ಬರಲಿಲ್ಲ” ಎಂದು ಮರಳಿ ಬಂದದ್ದುಂಟು. ಆದ್ದರಿಂದ ಈಗ ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಲೇಯರ್‌ಗಳನ್ನು, ಅಂದರೆ ಪಾರದರ್ಶಕ ಹಾಳೆಗಳಂಥ ಪದರಗಳನ್ನು, ಒಂದರ ಮೇಲೊಂದು ಇಡಲು ಬರುವ ಯಾವ ತಂತ್ರಾಂಶವಾದರೂ ಈ ಕೆಲಸಕ್ಕೆ ಸಾಕು. ಕೊಲಾಜ್ ಚೆನ್ನಾಗುವುದೂ ಕೆಡುವುದೂ ಆ ತಂತ್ರಾಂಶವನ್ನು ತೆರೆಯುವ ಮೊದಲೇ, ವಸ್ತುಗಳನ್ನು ಆರಿಸಿ ಸ್ಕ್ಯಾನರಿನ ಗಾಜಿನ ಮೇಲೆ ಇಡುವ ಹೊತ್ತಿಗೇ.

ಬರೀ ಫೋಟೊಗಳನ್ನು ಜೋಡಿಸಿದರೆ ಅದು ಆಲ್ಬಮ್ಮಿನ ಇನ್ನೊಂದು ಪುಟವಾಗುತ್ತದೆ. ಕೊಲಾಜ್ ಎಂಬ ಮಾತು ಹುಟ್ಟಿದ್ದು ‘ಅಂಟಿಸು’ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ; 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡೊಂದನ್ನು ತನ್ನ ಚಿತ್ರಕ್ಕೆ ಅಂಟಿಸಿ, ಸುತ್ತಲೂ ನಿಜವಾದ ಹಗ್ಗವನ್ನೇ ಚೌಕಟ್ಟಾಗಿ ಸುತ್ತಿದ. ಚಿತ್ರದಲ್ಲಿ ಬರೆದ ಹಗ್ಗಕ್ಕಿಲ್ಲದ ಬಿಗಿ ನಿಜವಾದ ಹಗ್ಗಕ್ಕಿದೆ. ಬಾಲ್ಯದ ವಸ್ತುಗಳ ಮಾತೂ ಅದೇ: ನಾನು ಹೇಗೆ ಕಾಣುತ್ತಿದ್ದೆ ಎಂಬುದನ್ನು ಫೋಟೊ ತೋರಿಸುತ್ತದೆ, ಹಲ್ಲಿನ ಗುರುತುಳ್ಳ ಪೆನ್ಸಿಲ್ ತುಂಡು ನಾನು ಲೆಕ್ಕದ ಮುಂದೆ ಹೇಗೆ ಕುಳಿತಿರುತ್ತಿದ್ದೆ ಎಂಬುದನ್ನು ತೋರಿಸುತ್ತದೆ.

ಫೋಟೊಗಳನ್ನು ಬಳಸುವುದೇ ಆದರೆ ದಯವಿಟ್ಟು ಅವುಗಳ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ನನ್ನದೊಂದರ ಬೆನ್ನಿಗೆ ಆಲ್ಬಮ್ಮಿನ ಕಪ್ಪು ಕಾಗದ ನಾಲ್ಕು ಮೂಲೆಗಳಲ್ಲೂ ಹರಿದು ಅಂಟಿಕೊಂಡಿದೆ. ನಡುವೆ ಅಪ್ಪ ನೀಲಿ ಶಾಯಿಯಲ್ಲಿ ನನ್ನ ವಯಸ್ಸು ನಾಲ್ಕು ಎಂದು ಬರೆದಿದ್ದಾರೆ, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಅಮ್ಮ ಪೆನ್ಸಿಲಿನಲ್ಲಿ ಐದು ಎಂದು ತಿದ್ದಿದ್ದಾರೆ. ಮುಂಬದಿಯಲ್ಲಿ ನಾನು ಸುಮ್ಮನೆ ನಿಂತಿದ್ದೇನೆ, ಅಷ್ಟೆ.

ಅಳತೆಯ ವಿಷಯದಲ್ಲಿ ಅವಸರ ಬೇಡ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಗಳಂತೆ, ಎ3 ಹಾಳೆಗೆ ಮುದ್ರಿಸಬೇಕಾದರೆ 3508 × 4961 ಪಿಕ್ಸೆಲ್‌ಗಳ ಕ್ಯಾನ್ವಾಸ್ ಬೇಕು. ಮೂರೂವರೆ ಇಂಚು ಅಗಲ, ಐದು ಇಂಚು ಉದ್ದದ ಫೋಟೊವನ್ನು 300ರಲ್ಲೇ ಸ್ಕ್ಯಾನ್ ಮಾಡಿದರೆ ಸಿಗುವುದು 1050 × 1500 ಮಾತ್ರ. ಅದನ್ನು ಇಮ್ಮಡಿ ಹಿಗ್ಗಿಸುವ ಆಸೆಯಿದ್ದರೆ 600ರಲ್ಲಿ ಸ್ಕ್ಯಾನ್ ಮಾಡಿಕೊಂಡಿರಬೇಕು.

ಗೋಲಿಯ ವಿಷಯದಲ್ಲಿ ನಾನೇ ಸೋತೆ. ಸ್ಕ್ಯಾನರಿನ ಮೇಲಿಟ್ಟಾಗ ಅದು ಮಸುಕಾದ ಬೂದು ಬೊಟ್ಟಾಗಿ ಬಂತು. ಈಗಿನ ತೆಳು ಸ್ಕ್ಯಾನರ್‌ಗಳಲ್ಲಿ ಹೆಚ್ಚಾಗಿ ಇರುವ ಸಿಐಎಸ್ ಸಂವೇದಕಕ್ಕೆ ಗಾಜಿಗೆ ಅಂಟಿದಂತಿರುವುದಷ್ಟೇ ಸ್ಪಷ್ಟವಾಗಿ ಕಾಣುತ್ತದೆ; ಕನ್ನಡಿ, ಮಸೂರಗಳಿರುವ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಸ್ವಲ್ಪ ಎತ್ತರದ ವಸ್ತುವನ್ನೂ ಹಿಡಿಯಬಲ್ಲದು. ನನ್ನಲ್ಲಿದ್ದದ್ದು ಮೊದಲನೆಯ ಬಗೆಯದು. ಕಡೆಗೆ ಗೋಲಿಯನ್ನು ಕಿಟಕಿಯ ಬಳಿ ಬಿಳಿ ಹಾಳೆಯ ಮೇಲಿಟ್ಟು ಮೊಬೈಲಿನಲ್ಲೇ ಫೋಟೊ ತೆಗೆದೆ. ಗುಂಡಿಯ ಫೋಟೊವನ್ನು ಬೇರೆ ಕೋಣೆಯಲ್ಲಿ ತೆಗೆದಿದ್ದರಿಂದ, ಎರಡನ್ನೂ ಜೋಡಿಸಿದಾಗ ಗೋಲಿಯ ನೆರಳು ಬಲಕ್ಕೆ, ಗುಂಡಿಯದು ಎಡಕ್ಕೆ ಬಿದ್ದು, ಒಂದೇ ಮೇಜಿಗೆ ಇಬ್ಬರು ಸೂರ್ಯರು ಹುಟ್ಟಿದಂತಾಯಿತು. ಆ ತಪ್ಪನ್ನು ಯಾವ ಆ್ಯಪ್ ಕೂಡ ಸುಲಭವಾಗಿ ಮುಚ್ಚಿಕೊಡುವುದಿಲ್ಲ; ಗುಂಡಿಯನ್ನೂ ಅದೇ ಕಿಟಕಿಯ ಬಳಿಗೆ ಒಯ್ದೆ.

ಇನ್ನು ಬಣ್ಣ. ಹಳೆಯ ಬಣ್ಣದ ಫೋಟೊಗಳು ಕೆಂಪಗಾಗುವುದಕ್ಕೆ ಅವುಗಳಲ್ಲಿನ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಉಳಿದೆರಡಾದ ಮಜೆಂಟಾ, ಹಳದಿಗಳಿಗಿಂತ ಬೇಗ ಮಾಸುವುದು ಸಾಮಾನ್ಯವಾದ ಕಾರಣ. ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದಾದರೂ ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ, ಏಕೆಂದರೆ ಆ ಕೆಂಪು ಫೋಟೊದ ಸ್ವಂತ ವಯಸ್ಸು. ಕಂದು ಛಾಯೆ ಕೊಡುವ ಸೆಪಿಯಾ ಫಿಲ್ಟರ್ ಹಚ್ಚುವುದು ಮಾತ್ರ ನನಗೆ ಸರಿಬರುವುದಿಲ್ಲ. ಸೆಪಿಯಾ ಎಂಬುದು ಕಪ್ಪುಬಿಳುಪು ಫೋಟೊಗಳ ಬೆಳ್ಳಿಯನ್ನು ಸಲ್ಫೈಡಾಗಿ ಮಾರ್ಪಡಿಸಿ ಅವುಗಳ ಬಾಳಿಕೆ ಹೆಚ್ಚಿಸುತ್ತಿದ್ದ ಸಂಸ್ಕರಣೆ. ಬಣ್ಣದ ಫೋಟೊಗೆ ಅದನ್ನು ಬಳಿಯುವುದೆಂದರೆ ಮಗುವಿಗೆ ಬಿಳಿ ಮೀಸೆ ಅಂಟಿಸಿದಂತೆ.

ಲೇಯರ್‌ಗಳಿರುವ ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಿ. ಫೋಟೊಗಳನ್ನು ಸಾಮಾನ್ಯವಾಗಿ ಉಳಿಸುವ ಜೆಪೆಗ್ (JPEG) ಬಗೆಯ ಕಡತವನ್ನು ತೆರೆದು, ತಿದ್ದಿ, ಮತ್ತೆ ಉಳಿಸಿದಷ್ಟೂ ಚಿತ್ರ ಸವೆಯುತ್ತದೆ. ಮೇಲಾಗಿ, ಮುದ್ರಿಸಿ ನೋಡಿದ ಮೇಲೆಯೇ ಗೊತ್ತಾಗುವ ತಪ್ಪುಗಳಿರುತ್ತವೆ. ನನ್ನ ಮೊದಲ ಮುದ್ರಣದಲ್ಲಿ ನಡುವೆ ನನ್ನ ಮುಖ ದೊಡ್ಡದಾಗಿತ್ತು, ಮೂಲೆಯಲ್ಲಿದ್ದ ಅಪ್ಪನ ನಾಲ್ಕೂ ಅಮ್ಮನ ಐದೂ ಓದಲಾಗದಷ್ಟು ಚಿಕ್ಕದಾಗಿದ್ದವು. ಎರಡನೆಯದರಲ್ಲಿ ಮುಖವನ್ನು ಕುಗ್ಗಿಸಿ ಮೂಲೆಗೆ ಸರಿಸಿ, ಆ ಜಾಗವನ್ನು ಅವರಿಬ್ಬರ ತಕರಾರಿಗೆ ಬಿಟ್ಟುಕೊಟ್ಟೆ.