ನಿಪ್ಪಲ್ ಮೇಲಕ್ಕೆ ಬಂತು, ಪೆಡಲ್ ಗಟ್ಟಿಯಾಯಿತು

ನನ್ನ ಮಾರುತಿ 800 ಕಾರಿನ ಬ್ರೇಕ್ ಪೆಡಲ್ ಕೊನೆಗೂ ಸರಿಹೋಗಿದೆ! ಬ್ರೇಕ್ ರಿಪೇರಿ ಅಂತ ಹೊಸ ಪ್ಯಾಡು, ವೀಲ್ ಸಿಲಿಂಡರ್ ಹಾಕಿದ್ದು, ಹಿಂದಿನ ಶೂ ಅಡ್ಜಸ್ಟ್ ಮಾಡಿದ್ದು, ಅವೆಲ್ಲಾ ಸಲೀಸಾಗಿ ಮುಗಿದಿತ್ತು, ಬಿಡಿ. ತಲೆ ತಿಂದಿದ್ದು ಆಮೇಲೆ ಶುರುವಾದ ಮೆತ್ತನೆ ಪೆಡಲ್. ಒತ್ತಿದರೆ ಹತ್ತಿ ಮೂಟೆ ತುಳಿದ ಹಾಗೆ. ಪಂಪ್ ಮಾಡಿದರೆ ಮೇಲೆ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅದೇ ಕತೆ.

ಚಿಕ್ಕಬಳ್ಳಾಪುರದಲ್ಲಿ ಕೇಳಿದವರೆಲ್ಲಾ "ಮಾಸ್ಟರ್ ಸಿಲಿಂಡರ್ ಹೋಗಿದೆ, ಹೊಸದು ಹಾಕಿ" ಅಂದರು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ ಅದು. ನಾನು ಒಪ್ಪಲಿಲ್ಲ. ಒಳಗಿನ ಸೀಲ್ ಹೋಗಿದ್ದರೆ, ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿಯಬೇಕು. ಇದು ಇಳಿಯುತ್ತಿರಲಿಲ್ಲ. ಆಯಿಲ್ ಜೊತೆ ಗಾಳಿ ಸೇರಿದ್ದರೂ ಪೆಡಲ್ ಹೀಗೇ ಮೆತ್ತಗಾಗುತ್ತದೆ. ಸುಮ್ನೆ ದುಡ್ಡು ಸುರಿಯೋ ಬದಲು, ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್‌ಗಳಿಗೆ ಕ್ಲ್ಯಾಂಪ್ ಹಾಕಿ ಅದುಮಿ ನೋಡಿದೆ. ಹಿಂದೆ ಹಾಕಿದರೆ ಏನೂ ವ್ಯತ್ಯಾಸವಿಲ್ಲ. ಮುಂದಿನ ಎರಡಕ್ಕೂ ಹಾಕಿದ ತಕ್ಷಣ ಪೆಡಲ್ ಅಲ್ಲಾಡಲಿಲ್ಲ. ಅಂದ್ರೆ ಗಾಳಿ ಮುಂದೆಯೇ ಇದೆ, ಅಲ್ವಾ?

ಚಕ್ರ ಬಿಚ್ಚಿ ಟಾರ್ಚ್ ಬಿಟ್ಟೆ. ಬ್ಲೀಡ್ ನಿಪ್ಪಲ್ (ಆಯಿಲ್ ಹರಿಸಿ ಗಾಳಿ ಹೊರಬಿಡುವ, ಅಂದರೆ ಬ್ಲೀಡ್ ಮಾಡುವ ಮೂತಿ) ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೆಳತುದಿಯಲ್ಲಿ, ನೆಲ ನೋಡಿಕೊಂಡಿದೆ! ಹೋಸ್ ಕೂಡ ಸ್ವಲ್ಪ ತಿರುಚಿಕೊಂಡಿತ್ತು. ಕ್ಯಾಲಿಪರ್‌ಗಳನ್ನು ಓವರ್‌ಹಾಲ್ ಮಾಡಿದ ಅಂಗಡಿಯವರು ಎಡದ್ದಕ್ಕೆ ಬಲದ ಚೀಟಿ, ಬಲದ್ದಕ್ಕೆ ಎಡದ ಚೀಟಿ ಅಂಟಿಸಿ ಕಳಿಸಿದ್ದಾರೆ; ಚೀಟಿ ನಂಬಿ ಹಾಕಿದ್ದಕ್ಕೆ ಎರಡೂ ತಲೆಕೆಳಗಾಗಿ ಕೂತಿವೆ. ಬ್ರೇಕಿನ ಕೆಲಸದಲ್ಲಿ ಇಂಥ ಅಸಡ್ಡೆ ನೋಡಿದರೆ ಮೈ ಉರಿಯುತ್ತದೆ. ಗಾಳಿ ಮೇಲಕ್ಕೇ ಏರೋದು. ನಿಪ್ಪಲ್ ಕೆಳಗಿದ್ದರೆ ಎಷ್ಟು ಆಯಿಲ್ ಹರಿಸಿದರೂ ಮೇಲಿನ ಗಾಳಿ ಅಲ್ಲೇ ಉಳಿಯುತ್ತದೆ.

ಖಾತ್ರಿಗೆ ಅಂತ ಎಡಗಡೆ ಕ್ಯಾಲಿಪರ್ ಕಳಚಿದೆ. ಪ್ಯಾಡ್‌ಗಳ ನಡುವೆ ಮರದ ತುಂಡು ಸಿಕ್ಕಿಸಿ, ನಿಪ್ಪಲ್ ಮೇಲಾಗುವಂತೆ ಹಿಡಿದು ಬ್ಲೀಡ್ ಮಾಡಿದೆ. ಪೈಪಿನಲ್ಲಿ ಮೊದಲು ಗೇಣುದ್ದ ಬರೀ ಗಾಳಿ. ಆಮೇಲೆ ಸಣ್ಣ ಗುಳ್ಳೆಗಳ ಸಾಲು. ಕೊನೆಗೆ ತಿಳಿ ಆಯಿಲ್. ಎಷ್ಟು ಖುಷಿಯಾಯಿತು ಅಂದ್ರೆ, ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ! ಆಮೇಲೆ ಎರಡನ್ನೂ ಅದಲುಬದಲು ಮಾಡಿ, ಹೊಸ ತಾಮ್ರದ ವಾಷರ್ ಹಾಕಿ, ಮತ್ತೆ ಬ್ಲೀಡ್ ಮಾಡಿದೆ. ಈಗ ಮೊದಲ ಒತ್ತಿಗೇ ಪೆಡಲ್ ನಿಲ್ಲುತ್ತದೆ.

ಪೈಪಿನಿಂದ ಬಂದ ಆಯಿಲನ್ನು ದಯವಿಟ್ಟು ಮತ್ತೆ ಡಬ್ಬಕ್ಕೆ ಸುರಿಯಬೇಡಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಜಾಸ್ತಿ ಕಾದು ಆಯಿಲ್ ಕುದಿದರೆ ಪೆಡಲ್ ಒಳಗೇ ಹೋಗುತ್ತದೆ.

ಇನ್ನು ನನ್ನ ಹಳೇ ಯೆಜ್ಡಿ ಬೈಕಿನ ಸರದಿ. ಮೈಸೂರಿನಲ್ಲಿ ಹುಟ್ಟಿದ ಗಾಡಿ, ಫ್ಯಾಕ್ಟರಿ 1996ರಲ್ಲೇ ನಿಂತಿತು. ಅದರ ಬ್ರೇಕಿಗೆ ಆಯಿಲ್ಲೇ ಬೇಡ. ಮುಂದೆ ಕೇಬಲ್ಲು, ಹಿಂದೆ ರಾಡು. ಮೊದಲು ಎರಡೂ ಬ್ರೇಕ್ ಡ್ರಮ್ ಬಿಚ್ಚಿ, ಒಳಮೈ ಸಮ ಮಾಡಿಸಲು ಲೇತ್‌ಗೆ ಕೊಡಬೇಕು.